ತಲೆಗೆ ಪಟ್ಟಿ, ಬೆರಳಿಗೆ ಕ್ಲಿಪ್ಪು, ಸಿ ಭಾಷೆಯ ಪಾಠ

ಪಾಠ ಹೇಳೋ ಕಸುಬಿಗೆ ಬಿದ್ದವನ ಹಣೆಬರಹವೇ ಇಷ್ಟು ಅಂತ ಕಾಣುತ್ತೆ. ವರ್ಷಕ್ಕೊಬ್ಬರು ಯಾರಾದರೂ ಹೊಸದೊಂದು ಉಪಾಯ ಹೊತ್ತುಕೊಂಡು ಬಂದು, "ಇನ್ಮೇಲೆ ನಿಮಗೆ ಕಷ್ಟವೇ ಇಲ್ಲ ಮೇಷ್ಟ್ರೇ" ಅನ್ನುತ್ತಾರೆ. ನನ್ನ ಕಷ್ಟ ಶುರುವಾಗೋದು ಆ ಮಾತು ಕಿವಿಗೆ ಬಿದ್ದ ದಿನದಿಂದಲೇ.

ನಾನು ಅರಸೀಕೆರೆಯಲ್ಲಿ ಇಪ್ಪತ್ತು ವರ್ಷ ಟೈಪಿಂಗ್ ಕಲಿಸಿದವನು. ಎರಡು ಸಾವಿರದ ಇಸವಿಯ ಆಚೀಚೆ ಟೈಪ್‌ರೈಟರ್ ಕೇಳುವವರೇ ಇಲ್ಲದಂತಾಯಿತು. ನಮ್ಮ ಸಂಸ್ಥೆಯ ಯಜಮಾನರು ಮೂಲತಃ ಕೊಬ್ಬರಿ ಮಂಡಿಯವರು. ಅವರು ಟೈಪ್‌ರೈಟರುಗಳನ್ನೆಲ್ಲ ಗುಜರಿಗೆ ಹಾಕಿ, ಮಂಡಿಯ ಮಹಡಿ ಮೇಲೆ ಎಂಟು ಕಂಪ್ಯೂಟರ್ ಇಡಿಸಿ, ಬೆಂಗಳೂರಿನ ಯಾವುದೋ ಸಂಸ್ಥೆಯ ಶಾಖೆ ಅಂತ ಬೋರ್ಡು ಬರೆಸಿದರು. ನನ್ನನ್ನೂ ಗುಜರಿಗೆ ಹಾಕೋಕೆ ಮನಸ್ಸು ಬರಲಿಲ್ಲವೋ ಏನೋ, "ಕೀಲಿಮಣೆ ಒಂದೇ ಅಲ್ವಾ ಮೇಷ್ಟ್ರೇ, ಇದನ್ನೂ ನೀವೇ ಕಲಿಸಿ" ಅಂದರು. ಅಂದಿನಿಂದ ನಾನು ಸಿ ಭಾಷೆಯ ಪುಸ್ತಕವನ್ನು, ಅಂದರೆ ಕಂಪ್ಯೂಟರಿಗೆ ಕೆಲಸ ಹೇಳೋ ಭಾಷೆಯ ಪುಸ್ತಕವನ್ನು, ವಿದ್ಯಾರ್ಥಿಗಳಿಗಿಂತ ಎರಡು ಪುಟ ಮುಂದೆ ಓದಿಕೊಂಡು ಪಾಠ ಮಾಡುತ್ತಿದ್ದೆ.

ಮೊದಲ ತಂಡದಲ್ಲಿ ಏಳು ಜನ. ಅವರಲ್ಲಿ ಒಬ್ಬಳು ನನ್ನ ಹಳೇ ಟೈಪಿಂಗ್ ಶಿಷ್ಯೆ, ಹಳೇಬೀಡಿನ ಹತ್ತಿರದ ಹುಲಿಕೆರೆಯವಳು. ಅರಸೀಕೆರೆಯ ಒಂದು ಕಚೇರಿಯಲ್ಲಿ ದಿನಗೂಲಿ ಟೈಪಿಸ್ಟು. ಅಲ್ಲಿಗೂ ಕಂಪ್ಯೂಟರ್ ಬಂದಿತ್ತು. "ಈ ಸಲದ ಪರೀಕ್ಷೆ ಪಾಸಾಗಿ ಸರ್ಟಿಫಿಕೇಟ್ ತಂದರೆ ಕೆಲಸ, ಇಲ್ಲದಿದ್ದರೆ ಮನೆಗೆ ಹೋಗಮ್ಮ" ಅಂತ ಅವಳ ಸಾಹೇಬರು ಹೇಳಿಬಿಟ್ಟಿದ್ದರು. ಮನೆ ನಡೀತಾ ಇದ್ದದ್ದೇ ಅವಳ ಕೂಲಿಯಲ್ಲಿ. ಮೊದಲ ಬಸ್ಸಿಗೆ ಬಂದು, ಏಳರಿಂದ ಒಂಬತ್ತೂವರೆ ತನಕ ಪಾಠ ಕೇಳಿ, ಹತ್ತಕ್ಕೆ ಕಚೇರಿಗೆ ಓಡುತ್ತಿದ್ದಳು. ಮುಂದೆ ಹೇಳೋದೆಲ್ಲ ನಗುವಿನ ವಿಷಯವೇ, ಆದರೆ ಅವಳಿಗೆ ಆಗ ನಗೋಕೆ ಪುರುಸೊತ್ತಿರಲಿಲ್ಲ.

ಯುಪಿಎಸ್ ತರಲು ಹೋದವರು

ನಮ್ಮ ಊರಿನ ಕರೆಂಟಿನ ಚಾಳಿ ಗೊತ್ತಿದ್ದ ನಾನು, ಕರೆಂಟು ಹೋದರೂ ಕಂಪ್ಯೂಟರ್ ಆರದಂತೆ ಕಾಯೋ ಯುಪಿಎಸ್ ಪೆಟ್ಟಿಗೆ ಬೇಕೇ ಬೇಕು ಅಂತ ಯಜಮಾನರ ಬೆನ್ನು ಬಿದ್ದಿದ್ದೆ. ಕಾಟ ತಾಳಲಾರದೆ ಒಂದು ದಿನ ಬೆಂಗಳೂರಿಗೆ ಹೋದರು. ಪೆಟ್ಟಿಗೆಯನ್ನೇನೋ ತಂದರು, ಆದರೆ ಯುಪಿಎಸ್ ಅಲ್ಲ.

ಅದರೊಳಗೆ ಹಣೆಗೆ ಕಟ್ಟುವ ಒಂದು ಪಟ್ಟಿ, ಬೆರಳಿಗೆ ಸಿಕ್ಕಿಸುವ ಒಂದು ಕ್ಲಿಪ್ಪು, ಅಂಗೈಗೆ ಅಂಟಿಸುವ ಒಂದು ಬಿಲ್ಲೆ, ಮೂರು ದೀಪದ ಒಂದು ಡಬ್ಬಿ ಇದ್ದವು. ಪಟ್ಟಿ ಮೆದುಳಿನ ಅಲೆ ಹಿಡಿಯುತ್ತಂತೆ, ಕ್ಲಿಪ್ಪು ನಾಡಿ ಹಿಡಿಯುತ್ತಂತೆ, ಬಿಲ್ಲೆ ಬೆವರು ಹಿಡಿಯುತ್ತಂತೆ. ಮೂರನ್ನೂ ಕೂಡಿಸಿ, ಪಾಠ ಅರ್ಥವಾಗುತ್ತಿದ್ದರೆ ಹಸಿರು ದೀಪ, ಅರೆಬರೆ ಆದರೆ ಹಳದಿ, ಆಗದಿದ್ದರೆ ಕೆಂಪು. ಮಾರಿದವನು ಟೈ ಕಟ್ಟಿಕೊಂಡಿದ್ದ ಅಂತ ಯಜಮಾನರು ಎರಡು ಸಲ ಹೇಳಿದರು.

"ಯುಪಿಎಸ್ ಎಲ್ಲಿ ಯಜಮಾನ್ರೇ?" ಅಂದೆ.

"ಹೋದ ಕರೆಂಟು ಹೆಂಗಾದ್ರೂ ವಾಪಸ್ ಬರ್ತೈತೆ ಮೇಷ್ಟ್ರೇ. ತಲೆಗೆ ಹತ್ತದೆ ಹೋದ ಪಾಠ ವಾಪಸ್ ಬರ್ತೈತಾ?" ಅಂದರು. ಅದರ ಜೊತೆಗೆ ಒಂದು ಕಾನೂನನ್ನೂ ಮಾಡಿದರು. ನಮ್ಮ ಶಾಖೆಯ ಫಲಿತಾಂಶ ನೂರಕ್ಕೆ ನೂರು ಇರಬೇಕು, ಆದ್ದರಿಂದ ಕೆಂಪು ದೀಪದವರನ್ನು ಪರೀಕ್ಷೆಗೆ ಕೂರಿಸುವಂತಿಲ್ಲ.

ತಲೆಯೊಳಗಿನದನ್ನು ಡಬ್ಬಿ ಹೇಗೆ ಹೇಳುತ್ತೆ ಅಂತ ನಾನು ವಾದಕ್ಕಿಳಿದೆ. ಯಜಮಾನರು ಅಲ್ಲೇ ಇದ್ದ ಒಂದು ಒಣಗಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದರು. "ಅಟ್ಟದ ಮೇಲಿನ ಕಾಯಿ ಅಲ್ಲಾಡಿಸಿದ್ರೆ ಸಾಕು, ಒಳಗೆ ನೀರೈತೋ ಕೊಬ್ಬರಿ ಆಗೈತೋ ಹೇಳ್ಬಿಡ್ತೀನಿ. ಮಕ್ಕಳ ತಲೆ ಹಿಂಗೆ ಅಲ್ಲಾಡಿಸಿದ್ರೆ ಅವರಪ್ಪಂದಿರು ಸುಮ್ನಿರ್ತಾರಾ? ಅದಕ್ಕೇ ಇದು."

ಎಣ್ಣೆ ನಿಷೇಧ

ಮೊದಲ ದಿನ ಏಳೂ ಜನರಿಗೆ ಸರದಿಯ ಮೇಲೆ ಪಟ್ಟಿ ಕಟ್ಟಿದೆವು. ಯಾವ ದೀಪವೂ ಹತ್ತಲಿಲ್ಲ. ಹಸಿರಿಲ್ಲ, ಕೆಂಪಿಲ್ಲ, ಏಳು ತಲೆಗಳೂ ಖಾಲಿ ಅನ್ನೋ ಹಾಗೆ ಡಬ್ಬಿ ಸುಮ್ಮನೆ ಕೂತಿತ್ತು. ಯಜಮಾನರು ಟೈ ಕಟ್ಟಿದವನಿಗೆ ಫೋನು ಮಾಡಿದರು. ಹಣೆಯ ಮೇಲೆ ಎಣ್ಣೆ ಜಿಡ್ಡಿದ್ದರೆ ಪಟ್ಟಿಗೆ ಏನೂ ತಿಳಿಯೋದಿಲ್ಲ ಅಂತ ಉತ್ತರ ಬಂತು.

ಅರಸೀಕೆರೆಯಲ್ಲಿ ಎಣ್ಣೆ ಹಚ್ಚದ ತಲೆ ಹುಡುಕೋದು ಸುಲಭವಲ್ಲ. ಅದೂ ನಮ್ಮ ವಿದ್ಯಾರ್ಥಿಗಳು ಪಾಠಕ್ಕೆ ಹೊರಡೋ ಮೊದಲು, ಕೆನ್ನೆ ಮೇಲೆ ಇಳಿಯೋ ಹಾಗೆ ತಟ್ಟಿಕೊಂಡು ಬರುವವರು. ಯಜಮಾನರು ಹಿಂದೆಮುಂದೆ ನೋಡದೆ ಒಂದು ಹಲಗೆ ಬರೆಸಿ ಮೆಟ್ಟಿಲ ಬುಡದಲ್ಲಿ ತೂಗುಹಾಕಿದರು. "ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬಂದವರಿಗೆ ಪ್ರವೇಶವಿಲ್ಲ." ಆ ಹಲಗೆಯ ಪಕ್ಕದಲ್ಲೇ ಅವರ ಮಂಡಿಯ ಬೋರ್ಡು, ಅದರ ಕೆಳಗೆ ಕೊಬ್ಬರಿ ಮೂಟೆಗಳು.

ಮಧ್ಯಾಹ್ನದೊಳಗೆ ಮಂಡಿ ಸಾಲಿನ ಹಿರಿಯರೆಲ್ಲ ಮೆಟ್ಟಿಲು ಹತ್ತಿ ಬಂದರು. "ಏನ್ ಸ್ವಾಮಿ, ಊರಿಗೆ ಊರೇ ತೆಂಗಿನ ಮೇಲೆ ಬದುಕಿರೋವಾಗ ನೀವೇ ಹಿಂಗೆ ಬರೆಸಿದ್ರೆ ಹೊರಗಿನೋರು ನಮ್ಮ ಮಾಲು ಕೊಳ್ತಾರಾ?" ಅಂತ ತರಾಟೆಗೆ ತೆಗೆದುಕೊಂಡರು. ಯಜಮಾನರಿಗೆ ಯಂತ್ರ ಬಿಡೋಕೂ ಆಗದು, ಮಂಡಿ ಬಿಡೋಕೂ ಆಗದು. ಒಂದು ಗಳಿಗೆ ತಲೆ ಕೆರೆದುಕೊಂಡು, ಬರೆಯೋನನ್ನು ಕರೆಸಿ ಹಲಗೆಗೆ ಇನ್ನೊಂದು ಸಾಲು ಸೇರಿಸಿದರು: "ಭಾನುವಾರ ಏಳೂ ದಿನದ್ದು ಒಟ್ಟಿಗೆ ಹಚ್ಚಿಕೊಳ್ಳತಕ್ಕದ್ದು."

ಬೇಲೂರಿನ ಗೈಡು

ಎಣ್ಣೆ ನಿಂತ ಮೇಲೆ ಹಸಿರು ದೀಪ ಮೊದಲು ಹತ್ತಿದ್ದು ಬೇಲೂರಿನಿಂದ ಬರುತ್ತಿದ್ದ ಗೈಡಿಗೆ. ದೇವಸ್ಥಾನ ನೋಡಲು ಬಂದವರಿಗೆ ಹನ್ನೆರಡು ವರ್ಷದಿಂದ ಶಿಲ್ಪ ವಿವರಿಸುತ್ತಿದ್ದ ಮನುಷ್ಯ. ಮುಂದೆ ಎಲ್ಲ ಕಂಪ್ಯೂಟರೇ ಅಂತ ಯಾರೋ ಹೆದರಿಸಿದ್ದರಿಂದ ಸೇರಿದ್ದ.

ಪ್ರೋಗ್ರಾಂ ಹೇಳಪ್ಪ ಅಂದರೆ ಎದ್ದು ನಿಂತು, ಬಲಗೈ ಚಾಚಿ ಶುರುಮಾಡುತ್ತಿದ್ದ. "ಈಗ ತಾವು ನೋಡುತ್ತಿರುವುದು ಮೊದಲನೇ ಸಾಲು. ಇದರ ವಿಶೇಷತೆ ಏನಪ್ಪಾ ಅಂದರೆ, ಇದು ಇಲ್ಲದೆ ಮುಂದಿನ ಸಾಲುಗಳು ಓಡುವುದಿಲ್ಲ. ಹೀಗೆ ಬನ್ನಿ, ಎರಡನೇ ಸಾಲಿನ ಕೊನೆಯಲ್ಲಿರುವ ಅರ್ಧವಿರಾಮವನ್ನು ಗಮನಿಸಿ." ಒಂದಕ್ಷರ ತಪ್ಪುತ್ತಿರಲಿಲ್ಲ. ಪಾಠ ಮುಗಿಯೋ ತನಕ ಹಸಿರು ದೀಪ ಅಲುಗುತ್ತಿರಲಿಲ್ಲ. ಯಜಮಾನರಂತೂ ಮೆಟ್ಟಿಲ ಮೇಲೆ ನಿಂತು ಕೇಳಿ ತಲೆದೂಗುತ್ತಿದ್ದರು.

ನನಗೇಕೋ ಅನುಮಾನ. ಒಂದು ದಿನ ಮಧ್ಯದಲ್ಲಿ ತಡೆದು, "ಹತ್ತು ಸಲ ಸುತ್ತೋದನ್ನ ಐದು ಸಲ ಸುತ್ತೋ ಹಾಗೆ ಮಾಡಬೇಕು, ಯಾವ ಸಾಲು ಬದಲಾಯಿಸ್ತೀಯ?" ಅಂದೆ. ದೀಪ ಆಗಲೂ ಹಸಿರೇ. ಅವನು ನನ್ನನ್ನು, ಕ್ಯಾಮೆರಾ ತಪ್ಪು ಕಡೆ ಹಿಡಿದ ಪ್ರವಾಸಿಯನ್ನು ನೋಡುವಂತೆ ನೋಡಿ ನಯವಾಗಿ ಹೇಳಿದ. "ಅದು ನಮ್ಮ ಕಡೆಗೆ ಬರೋದಿಲ್ಲ ಸಾರ್. ಹಳೇಬೀಡಿನ ಗೈಡನ್ನ ಕೇಳಬೇಕು."

ಕಣ್ಣು ಮುಚ್ಚಿದರೆ ಹಸಿರು

ಹುಲಿಕೆರೆಯವಳಿಗೆ ಪಟ್ಟಿ ಕಟ್ಟಿದರೆ ಸಾಕು, ಕೆಂಪು. ಕೂತರೆ ಕೆಂಪು, ಪುಸ್ತಕ ತೆರೆದರೆ ಕೆಂಪು, ಲೆಕ್ಕ ಬಿಡಿಸೋವಾಗ ಕಡುಗೆಂಪು. ಆದರೆ ಅವಳು ಬರೆದ ಪ್ರೋಗ್ರಾಂ ಓಡುತ್ತಿತ್ತು. ನನ್ನ ತಪ್ಪನ್ನೇ ಎರಡು ಸಲ ಹಿಡಿದಿದ್ದಳು. ಹಾಗಂತ ಹೇಳಿದರೆ ಯಜಮಾನರು, "ಓಡಿದ್ದೇನೋ ಓಡ್ತು ಮೇಷ್ಟ್ರೇ, ಆದ್ರೆ ಅವಳಿಗೆ ಅರ್ಥ ಆಗಿ ಓಡಿಲ್ಲ. ಡಬ್ಬಿ ನೋಡಿ" ಅಂದರು. ಪರೀಕ್ಷೆಗೆ ಕಳಿಸೋ ಪಟ್ಟಿಯಲ್ಲಿ ಅವಳ ಹೆಸರಿನ ಮೇಲೆ ಪೆನ್ಸಿಲ್ಲಿನ ಗೀಟು ಬಿತ್ತು.

ಅವಳು ಅಳಲಿಲ್ಲ. ನನ್ನ ಮುಂದೆ ಬಂದು ನಿಂತು, "ಸಾರ್, ಹಸಿರು ಬರೋಕೆ ಏನು ಮಾಡ್ಬೇಕು ಅಷ್ಟು ಹೇಳ್ಕೊಡಿ. ಸಿ ಭಾಷೆ ಹೆಂಗೋ ನಾನೇ ಕಲಿತೀನಿ" ಅಂದಳು.

ಸರಿ, ಹಸಿರು ಹುಡುಕೋಕೆ ಕೂತೆವು. ನೀರು ಕುಡಿಸಿದೆ, ಬರಲಿಲ್ಲ. ಉಸಿರು ನಿಧಾನ ಎಳೆಯಮ್ಮ ಅಂದೆ, ಹಳದಿ ಬಂತು. ಕೊನೆಗೆ ಸುಸ್ತಾಗಿ, "ಒಂದು ನಿಮಿಷ ಕಣ್ಣು ಮುಚ್ಚಿ ಕೂರು" ಅಂದೆ. ಕಣ್ಣು ಮುಚ್ಚಿದಳು, ಹಸಿರು ಹತ್ತಿತು. ತೆರೆದಳು, ಕೆಂಪು. ಐದಾರು ಸಲ ಮುಚ್ಚಿ ತೆರೆದು ನೋಡಿದೆವು. ಅನುಮಾನವೇ ಬೇಡ, ಮುಚ್ಚಿದರೆ ಅರ್ಥವಾಗುತ್ತೆ, ತೆರೆದರೆ ಆಗೋದಿಲ್ಲ.

ಸದ್ದಿಗೆ ಮೇಲೆ ಬಂದ ಯಜಮಾನರು ಇದನ್ನು ನೋಡಿ ಗಂಭೀರವಾಗಿ ಹೇಳಿದರು. "ಹಂಗಾದ್ರೆ ಪುಸ್ತಕದ್ದೇ ತಪ್ಪು ಮೇಷ್ಟ್ರೇ. ಅದನ್ನ ನೋಡದೆ ಇದ್ರೆ ಎಷ್ಟು ಚೆನ್ನಾಗಿ ತಿಳೀತೈತೆ ನೋಡಿ."

ಗಂಡಸಿಯ ದಲ್ಲಾಳಿ

ನಮ್ಮ ವಿದ್ಯಾರ್ಥಿಯೊಬ್ಬನ ಅಪ್ಪ ಗಂಡಸಿ ಕಡೆಯ ದನದ ದಲ್ಲಾಳಿ. ಮಹಡಿ ಮೇಲೆ ಮಕ್ಕಳ ತಲೆಗೆ ಕರೆಂಟು ಕೊಡ್ತಾರಂತೆ ಅನ್ನೋ ಸುದ್ದಿ ಅವರ ಕಿವಿಗೆ ಬಿದ್ದು, ಹೆಗಲ ಮೇಲೆ ಟವೆಲ್ ಹಾಕಿಕೊಂಡು ನೇರ ಪಾಠದ ಹೊತ್ತಿಗೇ ಬಂದರು. ಯಜಮಾನರಿಗೆ ಖುಷಿಯೋ ಖುಷಿ. "ನೀವೇ ಕಟ್ಟಿಸ್ಕೊಂಡು ನೋಡಿ" ಅಂತ ಕೂರಿಸಿ, ಪಾಠ ಶುರುಮಾಡಲು ನನಗೆ ಸನ್ನೆ ಮಾಡಿದರು.

ಅವತ್ತಿನ ಪಾಠ ಪಾಯಿಂಟರ್. ಇದು ವಸ್ತು ಅಲ್ಲ, ವಸ್ತು ಎಲ್ಲಿದೆ ಅನ್ನೋ ವಿಳಾಸ ಮಾತ್ರ ಅಂತ ಹತ್ತು ನಿಮಿಷ ಹೇಳಿದೆ. ದಲ್ಲಾಳಿಯವರು ಕಣ್ಣು ಪಿಳುಕಿಸದೆ ಕೇಳಿದರು. ದೀಪ ಅಚ್ಚ ಹಸಿರು.

"ನೋಡಿದ್ರಾ, ಎಲ್ಲಾ ಅರ್ಥ ಆಗೈತೆ ಇವರಿಗೆ" ಅಂದರು ಯಜಮಾನರು.

"ಒಂದಕ್ಷರನೂ ಇಲ್ಲ ಬುಡಿ" ಅಂದರು ದಲ್ಲಾಳಿಯವರು. "ಸಂತೇಲಿ ಟವೆಲ್ ಕೆಳಗೆ ಬೆರಳು ಹಿಡ್ದು ಯಾಪಾರ ಮಾಡೋರು ನಾವು. ನಾಡಿ ಎದ್ರೆ ಎದುರಿಗಿರೋನು ಬೆಲೆ ಏರಿಸ್ತಾನೆ. ಮೂವತ್ತು ವರ್ಸದಿಂದ ನಾಡಿ ಮಲಗಿಸಿ ಮಡಗಿವ್ನಿ."

ಆಮೇಲೆ ನನ್ನ ಕಡೆ ತಿರುಗಿ, "ಎಲ್ಲಿ, ನಿಮ್ಮ ಕೈ ಕೊಡಿ ಮೇಷ್ಟ್ರೇ" ಅಂತ ಹಿಡಿದುಕೊಂಡು, ಮೇಲೆ ಟವೆಲ್ ಹೊದಿಸಿ, "ಈಗ ಹೇಳಿದ್ದನ್ನೇ ಇನ್ನೊಂದ್ ಕಿತ ಹೇಳಿ" ಅಂದರು. ತರಗತಿಯೆಲ್ಲ ನೋಡುತ್ತಿದೆ. ಹೇಳಿದೆ. ವಸ್ತು ಅಂದಾಗ ಸುಮ್ಮನಿದ್ದರು. ವಿಳಾಸ ಅಂದಾಗ ನನ್ನ ನಡುಬೆರಳನ್ನು ಮೆಲ್ಲಗೆ ಒತ್ತಿದರು. ಪಾಠ ಮುಗಿಯಿತು, ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡರು.

ಮಗನ ಬೆನ್ನು ತಟ್ಟಿ, "ಓದ್ಕೊ ಕಣ್ಲಾ, ತಲೆ ಕೆಡಿಸ್ಕೊಬೇಡ" ಅಂದರು. "ಆ ಇಳಾಸದ ಮಾತು ಬಂದಾಗ ಮೇಷ್ಟ್ರ ಬೆರಳೂ ತಣ್ಣಗಾಯ್ತದೆ."

ಯಜಮಾನರು ಪಾಸಾದದ್ದು

ಇಷ್ಟಾದರೂ ಯಜಮಾನರಿಗೆ ಯಂತ್ರದ ಮೋಹ ಬಿಡಲಿಲ್ಲ. ಪರೀಕ್ಷೆಗೆ ಇನ್ನೇನು ಮೂರು ವಾರ ಅನ್ನೋವಾಗ, ಮಂಡಿ ಸಾಲಿನ ಹಿರಿಯರನ್ನೆಲ್ಲ ಕರೆದು, ಕಾಫಿ ತರಿಸಿ, ಪ್ರದರ್ಶನ ಇಟ್ಟರು. ನಾನು ಅವತ್ತು ಸಿಟ್ಟಿನಲ್ಲಿದ್ದೆ. ಬೆಳಗ್ಗೆಯಷ್ಟೇ ಹುಲಿಕೆರೆಯವಳು, "ಪೆನ್ಸಿಲ್ ಗೀಟು ಅಳಿಸೋಕೆ ಇನ್ನೂ ಟೈಮ್ ಇದೆಯಾ ಸಾರ್?" ಅಂತ ಕೇಳಿ ಹೋಗಿದ್ದಳು.

"ಇವತ್ತು ಪಟ್ಟಿ ನಿಮಗೇ ಕಟ್ಟೋಣ ಯಜಮಾನ್ರೇ" ಅಂದೆ. ಹಿರಿಯರೂ ಹೌದು ಹೌದು ಅಂದರು. ವಿಭೂತಿ ಅಳಿಸದ ಹಾಗೆ ಪಟ್ಟಿಯನ್ನು ಒಂದು ಬೆರಳಿನಷ್ಟು ಮೇಲಕ್ಕೆ ಕಟ್ಟಿ, ಪುಸ್ತಕದ ಅತಿ ಕಷ್ಟದ ಅಧ್ಯಾಯ ತೆಗೆದು, ಅರ್ಧ ಗಂಟೆ ಅರೆದೆ. ಕೆಂಪು ಹತ್ತಿಸಿ ಮಾನ ಕಳೆಯಬೇಕು ಅಂತಲೇ ನನ್ನ ಯೋಚನೆ. ಮೌಸನ್ನು ಒಂದು ದಿನವೂ ಮುಟ್ಟದ ಆ ಮನುಷ್ಯನ ತಲೆ ಅರ್ಧ ಗಂಟೆಯೂ ಹಸಿರು ಬಿಟ್ಟು ಕದಲಲಿಲ್ಲ. ಹಳದಿಯೂ ಇಲ್ಲ. ಹಿರಿಯರು ಚಪ್ಪಾಳೆ ತಟ್ಟಿದರು.

ಆ ಚಪ್ಪಾಳೆ ನೆತ್ತಿಗೇರಿ, ತಾವೂ ಪರೀಕ್ಷೆಗೆ ಕೂರುವುದಾಗಿ ಯಜಮಾನರು ಅಲ್ಲೇ ಘೋಷಿಸಿದರು. ಸಂಜೆಯೊಳಗೆ ಸುದ್ದಿ ರೈಲ್ವೆ ಸ್ಟೇಷನ್ ತನಕ ಹೋಯಿತು. ಮಾರನೇ ದಿನ ಮೆಲ್ಲಗೆ ಬಂದು, "ಒಂದಿಷ್ಟು ಹೇಳ್ಕೊಡಿ ಮೇಷ್ಟ್ರೇ" ಅಂದರು. "ನನಗಿಂತ ಹುಲಿಕೆರೆಯವಳು ಚೆನ್ನಾಗಿ ಹೇಳ್ಕೊಡ್ತಾಳೆ" ಅಂತ ಅವಳ ಪಕ್ಕಕ್ಕೇ ಕೂರಿಸಿದೆ.

ಅವಳು ಸುಮ್ಮನೆ ಬಿಡೋಳಲ್ಲ. ಒಂದೊಂದು ಸಾಲಿಗೂ "ಯಾಕೆ ಹೇಳಿ ಯಜಮಾನ್ರೇ?" ಅಂತ ಕೇಳಿ ಕೇಳಿ ಬೆವರಿಳಿಸಿದಳು. ನಾಲ್ಕನೇ ದಿನ ಯಜಮಾನರಿಗೆ ಒಂದು ಲೆಕ್ಕ ಹೊಳೆಯಿತು. ಹೊಳೆಯೋ ಹೊತ್ತಿಗೆ ಸರಿಯಾಗಿ ದೀಪ ಕೆಂಪಾಯಿತು. ಆಮೇಲೆ ಹಸಿರು ಬರಲೇ ಇಲ್ಲ. ದಿನಕ್ಕಿಷ್ಟು ಕಲಿತಂತೆಲ್ಲ ಕೆಂಪು ಏರುತ್ತ ಹೋಯಿತು.

ಅವರದೇ ಕಾನೂನಿನ ಪ್ರಕಾರ ಅವರೇ ಪರೀಕ್ಷೆಗೆ ಕೂರುವಂತಿಲ್ಲ. ಇತ್ತ ಊರಿಗೆಲ್ಲ ಹೇಳಿಯಾಗಿತ್ತು. ಎರಡು ದಿನ ಮಂಡಿಯಲ್ಲಿ ತೂಗಿದ ಮೂಟೆಗಳನ್ನೇ ಮತ್ತೆ ಮತ್ತೆ ತೂಗಿಸಿದರಂತೆ. ಮೂರನೇ ದಿನ ಹೆಸರಿನ ಪಟ್ಟಿ ತರಿಸಿ, ರಬ್ಬರು ತಗೊಂಡು, ಹುಲಿಕೆರೆಯವಳ ಹೆಸರಿನ ಮೇಲಿನ ಗೀಟನ್ನು ಖುದ್ದಾಗಿ ಅಳಿಸಿದರು. "ಕಾನೂನು ತಿದ್ದಿದೀನಿ ಮೇಷ್ಟ್ರೇ" ಅಂದರು. "ಪಾಠ ಅರ್ಥ ಆಗದೋರೂ ಕೂರಬಹುದು. ಪಾಪ, ನಾವೂ ಮನುಷ್ಯರೇ ಅಲ್ವಾ."

ನಿಲ್ಲದ ಹೆಸರು

ಪರೀಕ್ಷೆಯ ದಿನ ಬೆಂಗಳೂರಿನಿಂದ ಪರೀಕ್ಷಕರು ಬಂದರು. ತೆಳ್ಳಗಿನ, ಕನ್ನಡಕದ, ನಗದ ಮನುಷ್ಯ. ಎಂಟು ಕಂಪ್ಯೂಟರ್, ಎಂಟು ಜನ, ಎರಡು ಗಂಟೆ. ಒಬ್ಬೊಬ್ಬರಿಗೆ ಒಂದೊಂದು ಪ್ರಶ್ನೆ. ಹುಲಿಕೆರೆಯವಳಿಗೆ ಕಚೇರಿಯ ಹಾಜರಿ ಕೂಡಿಸಿ ತೋರಿಸೋ ದೊಡ್ಡ ಪ್ರೋಗ್ರಾಂ ಬಂತು. ಯಜಮಾನರ ವಯಸ್ಸು ನೋಡಿ, ತಮ್ಮ ಹೆಸರನ್ನು ಹತ್ತು ಸಲ ಮೂಡಿಸಿ ನಿಲ್ಲಿಸಿ ಅಂತಷ್ಟೇ ಕೊಟ್ಟರು.

ಒಂದೂಮುಕ್ಕಾಲು ಗಂಟೆ ಹೊತ್ತಿಗೆ ಯಜಮಾನರು ಗುಂಡಿ ಒತ್ತಿದರು. ಹೆಸರು ಬಂತು. ಹತ್ತು ಸಲ ಬಂತು, ನೂರು ಸಲ ಬಂತು, ಪರದೆ ತುಂಬಿ ಮೇಲೆ ಹರಿಯತೊಡಗಿತು. ಯಜಮಾನರು ಎದೆಯುಬ್ಬಿಸಿ ನೋಡುತ್ತಿದ್ದರು.

"ಇದು ಎಲ್ಲಿ ನಿಲ್ಲುತ್ತೆ?" ಅಂದರು ಪರೀಕ್ಷಕರು.

"ನಮ್ಮ ಹೆಸರು ಯಾಕೆ ನಿಲ್ಬೇಕು ಸ್ವಾಮಿ?" ಅಂದರು ಯಜಮಾನರು.

"ನಿಲ್ಲಿಸಿ. ನಿಲ್ಲದಿದ್ದರೆ ಅಂಕ ಇಲ್ಲ."

ಯಜಮಾನರು ಒಂದು ಗುಂಡಿ ಒತ್ತಿದರು, ಇನ್ನೊಂದು ಒತ್ತಿದರು, ಹೆಸರು ಹರಿಯುತ್ತಲೇ ಇತ್ತು. ಮಂಡಿಯ ಹಿಂದಿದ್ದ ಅವರ ಎಣ್ಣೆ ಮಿಲ್ಲಿನಲ್ಲಿ ಮೋಟಾರು ಹಟ ಹಿಡಿದರೆ ಏನು ಮಾಡುತ್ತಿದ್ದರೋ ಅದನ್ನೇ ಮಾಡಿದರು. ಎದ್ದು ಗೋಡೆಯ ಹತ್ತಿರ ಹೋಗಿ, ಮೇನ್ ಸ್ವಿಚ್ಚಿನ ಹಿಡಿ ಹಿಡಿದು ಕೆಳಗೆಳೆದರು. ಹೆಸರು ನಿಂತಿತು. ಫ್ಯಾನು ನಿಂತಿತು. ಯುಪಿಎಸ್ ಇಲ್ಲದ ಎಂಟೂ ಕಂಪ್ಯೂಟರ್ ಕಪ್ಪಾದವು.

"ನಿಂತ್ಕೊಂತು ನೋಡಿ" ಅಂದರು ಯಜಮಾನರು.

ಪರೀಕ್ಷಕರು ಗಡಿಯಾರ ನೋಡಿದರು. "ಉಳಿದಿರೋದು ಕಾಲು ಗಂಟೆ. ಹೆಚ್ಚು ಸಮಯ ಕೊಡೋ ಅಧಿಕಾರ ನನಗಿಲ್ಲ. ಆಗದವರು ಮುಂದಿನ ಪರೀಕ್ಷೆಗೆ ಬರಲಿ." ಮುಂದಿನದು ಆರು ತಿಂಗಳ ಮೇಲೆ. ಅಷ್ಟರಲ್ಲಿ ಹುಲಿಕೆರೆಯವಳ ಕುರ್ಚಿಯಲ್ಲಿ ಬೇರೆ ಯಾರೋ ಕೂತಿರುತ್ತಾರೆ. ನಾನು ಅವಳ ಮುಖ ನೋಡಲಾರದೆ ಕಿಟಕಿ ಕಡೆ ತಿರುಗಿದೆ.

ಸ್ವಿಚ್ಚು ಮೇಲೆ ಹೋಯಿತು. ಬೇರೆಯವರದೆಲ್ಲ ಚಿಕ್ಕ ಪ್ರಶ್ನೆಗಳು, ಬಾಯಿಪಾಠ ಇದ್ದಷ್ಟನ್ನು ಗಡಬಡಿಸಿ ಮತ್ತೆ ಹೊಡೆಯತೊಡಗಿದರು. ಹುಲಿಕೆರೆಯವಳು ಮಾತ್ರ ಗಾಬರಿಯಿಲ್ಲದೆ ಬರೆದದ್ದನ್ನು ಉಳಿಸಿಡೋ ಒಂದು ಫ್ಲಾಪಿಯನ್ನು ಕಂಪ್ಯೂಟರಿನೊಳಗೆ ತಳ್ಳಿದಳು. ಅವಳ ಪ್ರೋಗ್ರಾಂ ಪೂರ್ತಿ ಪರದೆ ಮೇಲೆ ಬಂದು ಕೂತಿತು.

"ನಾಲ್ಕು ಸಾಲಿಗೊಂದ್ಸಲ ಇದಕ್ಕೆ ಇಳಿಸ್ತಾ ಇದ್ದೆ ಸಾರ್" ಅಂದಳು ಪರೀಕ್ಷಕರಿಗೆ. "ನಕಲಿಗೆ ಕಾರ್ಬನ್ ಹಾಕದೆ ಒಂದು ಕಾಗದನೂ ಹೊಡೆದೋಳಲ್ಲ ನಾನು. ನಮ್ಮ ಮೇಷ್ಟ್ರು ಹೊಡೆಯೋಕೆ ಬಿಡ್ತಿರಲಿಲ್ಲ."

ಓಡಿಸಿದರು. ಹಾಜರಿ ಕೂಡಿ ಬಂತು, ನಿಲ್ಲಬೇಕಾದ ಕಡೆ ನಿಂತಿತು. ಆ ಪರೀಕ್ಷಕರು ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಸುಳ್ಳು ಯಾಕೆ ಹೇಳಲಿ, ನನ್ನ ಕಣ್ಣಲ್ಲಿ ನೀರು ಬಂದಿತ್ತು.

ಫಲಿತಾಂಶ ಬಂದಾಗ ಅವಳು ಮೊದಲನೇ ದರ್ಜೆಯಲ್ಲಿ ಪಾಸಾಗಿದ್ದಳು. ಸರ್ಟಿಫಿಕೇಟ್ ಹಿಡಿದು ನೇರ ಕಚೇರಿಗೆ ಹೋದಳು, ಕೆಲಸ ಉಳಿಯಿತು. ಮಿಕ್ಕವರೂ ಹೇಗೋ ದಡ ಸೇರಿದ್ದರು. ಎಂಟು ಜನರಲ್ಲಿ ಫೇಲಾದವರು ಒಬ್ಬರೇ.

ಸಮಾಧಾನ ಹೇಳೋಣ ಅಂತ ಮಂಡಿಗೆ ಇಳಿದೆ. ಯಜಮಾನರು ಕೊಬ್ಬರಿ ಮೂಟೆಗೆ ಒರಗಿ, ಅಂಕಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದರು. ನಾನು ಬಾಯಿ ತೆರೆಯೋ ಮೊದಲೇ ಅವರೇ ನನಗೆ ಸಮಾಧಾನ ಹೇಳಿದರು.

"ತಪ್ಪು ನಮ್ಮದೇ ಮೇಷ್ಟ್ರೇ. ಅವತ್ತು ಪಟ್ಟಿನ ಆ ಪರೀಕ್ಷಕರ ತಲೆಗೆ ಕಟ್ಟಬೇಕಾಗಿತ್ತು. ನನ್ನ ಪ್ರೋಗ್ರಾಂ ಅವರಿಗೆ ಅರ್ಥನೇ ಆಗಿಲ್ಲ."